ಲುವಾಂಟಿ ಸರ್ವರ್‌ಗೆ ‘ನಿಧಾನ’ ಎಚ್ಚರಿಕೆ ಮಾಡ್: ಅಳೆಯುವುದು ಸುಲಭ, ಹೆಸರು ಹೇಳುವುದು ಕಷ್ಟ

ಲುವಾಂಟಿ (ಕಲ್ಲು ಅಗೆದು ಮನೆ ಕಟ್ಟುವಂಥ ಆಟಗಳ ಮುಕ್ತ ಎಂಜಿನ್) ಸರ್ವರ್ ಏದುಸಿರು ಬಿಡುತ್ತಿದೆ ಎಂಬುದು ಆಟಗಾರನಿಗೆ ಗೊತ್ತಾಗುವುದು ಅಗೆದ ಕಲ್ಲು ಮತ್ತೆ ಅಲ್ಲೇ ಹುಟ್ಟಿಕೊಂಡಾಗ. ನಡೆದಾಟವೆಲ್ಲ ಕ್ಲೈಂಟ್‌ನಲ್ಲೇ ಲೆಕ್ಕವಾಗುವುದರಿಂದ ಸರ್ವರ್ ಅರ್ಧ ಸೆಕೆಂಡ್ ಸತ್ತಿದ್ದರೂ ಕಾಲು ಸರಾಗವಾಗಿ ಓಡುತ್ತದೆ, ಪರದೆಯೂ ನಡುಗುವುದಿಲ್ಲ. ಹಾಗಾಗಿ ಆತ ಮೊದಲು ಬೈಯುವುದು ತನ್ನ ವೈಫೈಯನ್ನು. ಆಮೇಲೆ ಚಾಟ್‌ನಲ್ಲಿ ‘ಲ್ಯಾಗ್, ಲ್ಯಾಗ್’ ಶುರುವಾಗುತ್ತದೆ. ಯಾವ ಮಾಡ್‌ನದು (ಆಟಕ್ಕೆ ಸೇರಿಸುವ ಹೆಚ್ಚುವರಿ ಸ್ಕ್ರಿಪ್ಟ್) ತಪ್ಪು ಎಂದು ಪ್ರತಿಯೊಬ್ಬರೂ ಒಂದೊಂದು ಹೆಸರು ಹೇಳುತ್ತಾರೆ.

ಇಲ್ಲಿ ಕಟ್ಟುತ್ತಿರುವುದು ಆ ಗೊಂದಲಕ್ಕೆ ಒಂದು ಮಾಡ್. ಸರ್ವರ್ ನಿಜವಾಗಿ ತಡವಾಗುತ್ತಿದ್ದರೆ ಪರದೆಯ ಮೂಲೆಯಲ್ಲಿ ಗುರುತು ಬರಬೇಕು. ತಡಕ್ಕೆ ಕಾರಣ ಸ್ಕ್ರಿಪ್ಟೋ, ಡಿಸ್ಕೋ, ಆಟಗಾರನ ನೆಟ್ಟೋ ಎಂದು ಬೇರ್ಪಡಿಸಬೇಕು. ಯಾವ ಮಾಡ್ ಎಂಬ ಹೆಸರು ನಿರ್ವಾಹಕರಿಗೆ ಮಾತ್ರ ಕಾಣಬೇಕು. ಮಾಡ್‌ಗಳನ್ನು ಬರೆಯುವ ಲುವಾ ಭಾಷೆಯಲ್ಲಿ ಒಟ್ಟು ಇನ್ನೂರು ಸಾಲು ಸಾಕು. ಎಪಿಐ ಹೆಸರುಗಳನ್ನು ಅಡಿಗೆರೆ ಸಮೇತ ಕನ್ನಡ ಲಿಪಿಯಲ್ಲೇ ಬರೆದಿದೆ, ಕೋಡ್‌ನಲ್ಲಿ ಅವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ. 2024ರಲ್ಲಿ ಮೈನ್‌ಟೆಸ್ಟ್ ಎಂಬ ಹೆಸರು ಲುವಾಂಟಿ ಎಂದಾದ ಮೇಲೆ ದಾಖಲೆಗಳಲ್ಲಿ ‘ಕೋರ್’ ಎಂಬ ನೇಮ್‌ಸ್ಪೇಸ್ ಬಳಕೆಯಲ್ಲಿದೆ. ಹಳೆಯ ‘ಮೈನ್‌ಟೆಸ್ಟ್’ ಕೂಡ ಕೆಲಸ ಮಾಡುತ್ತದೆ.

ಮೊದಲು, ಇರುವ ಸಲಕರಣೆ

ಲುವಾಂಟಿಯೊಳಗೇ ಒಂದು ಪ್ರೊಫೈಲರ್ ಇದೆ. ಕಾನ್ಫ್ ಕಡತದಲ್ಲಿ ‘ಪ್ರೊಫೈಲರ್.ಲೋಡ್ = ಟ್ರೂ’ ಎಂದು ಹಾಕಿ ಸರ್ವರ್ ಮರುಚಾಲೂ ಮಾಡಿದರೆ ‘/ಪ್ರೊಫೈಲರ್ ಪ್ರಿಂಟ್’ ಆಜ್ಞೆ ಪ್ರತಿ ಮಾಡ್‌ನ ಕನಿಷ್ಠ, ಸರಾಸರಿ, ಗರಿಷ್ಠ ಮೈಕ್ರೋಸೆಕೆಂಡ್ ಲೆಕ್ಕ ಕೊಡುತ್ತದೆ. ಒಂದು ಸಲ ತನಿಖೆ ಮಾಡುವುದಕ್ಕೆ ಇದು ಸಾಕು. ಹೊಸ ಮಾಡ್ ಬರೆಯುವ ಮೊದಲು ಒಂದು ಸಂಜೆ ಇದನ್ನು ಓಡಿಸಿ ನೋಡಿ. ಆದರೆ ಇದು ಆರಂಭದಿಂದ ಕೊನೆಯವರೆಗಿನ ಒಟ್ಟು ಲೆಕ್ಕ. ‘ಈಗ, ಈ ಹತ್ತು ಸೆಕೆಂಡಿನಲ್ಲಿ’ ಏನಾಗುತ್ತಿದೆ ಎಂದು ಆಟಗಾರನಿಗೆ ತೋರಿಸಲು ಬರುವುದಿಲ್ಲ. ‘/ಸ್ಟೇಟಸ್’ ತೋರಿಸುವ ಗರಿಷ್ಠ ಲ್ಯಾಗ್ ಸಂಖ್ಯೆಯೂ ಹಾಗೆಯೇ: ಒಮ್ಮೆ ಏರಿದರೆ ಬಹಳ ನಿಧಾನವಾಗಿ ಇಳಿಯುತ್ತದೆ, ಎಚ್ಚರಿಕೆಯ ದೀಪಕ್ಕೆ ಒಗ್ಗುವುದಿಲ್ಲ.

ಹೆಜ್ಜೆಯ ಉದ್ದ ಅಳೆಯುವುದು

ಸರ್ವರ್ ಆಟದ ಜಗತ್ತನ್ನು ಮುಂದೆ ಸಾಗಿಸುವ ಒಂದು ಸುತ್ತೇ ಒಂದು ಹೆಜ್ಜೆ; ಅದರ ಮೂಲ ಅವಧಿ 0.09 ಸೆಕೆಂಡ್ (ಡೆಡಿಕೇಟೆಡ್_ಸರ್ವರ್_ಸ್ಟೆಪ್). ಎಂಟಿಟಿ (ಪ್ರಾಣಿ, ಬಿದ್ದ ವಸ್ತುಗಳಂಥ ಚಲಿಸುವವು), ಎಬಿಎಂ (ಆಗಾಗ ಆಯ್ದ ಬಗೆಯ ನೋಡ್‌ಗಳ ಮೇಲೆ, ಅಂದರೆ ಜಗತ್ತಿನ ಘನಗಳ ಮೇಲೆ, ಓಡುವ ಕೆಲಸ), ನೋಡ್ ಟೈಮರ್, ಗ್ಲೋಬಲ್‌ಸ್ಟೆಪ್ (ಪ್ರತಿ ಹೆಜ್ಜೆಗೂ ಓಡುವ ಫಂಕ್ಷನ್) ಎಲ್ಲ ಒಂದೇ ಥ್ರೆಡ್‌ನಲ್ಲಿ ಸಾಲಾಗಿ ಓಡುತ್ತವೆ. ಕೆಲಸ ಬೇಗ ಮುಗಿದರೆ ಉಳಿದ ಸಮಯ ಪ್ಯಾಕೆಟ್‌ಗಳಿಗೆ ಕಾಯುವುದರಲ್ಲಿ ಹೋಗುತ್ತದೆ.

ಇಲ್ಲಿಯೇ ಮೊದಲ ಎಡವಟ್ಟು. ಒಂದು ಮಾಡ್ ಪ್ರತಿ ಹೆಜ್ಜೆಗೆ 60 ಮಿಲಿಸೆಕೆಂಡ್ ತಿಂದರೂ ಹೆಜ್ಜೆಯ ಉದ್ದ 90 ಆಗಿಯೇ ಇರುತ್ತದೆ, ಕಾಯುವ ಸಮಯ ಮಾತ್ರ ಕರಗುತ್ತದೆ. ಅಂದರೆ ‘ಡಿಟೈಮ್’ (ಎಂಜಿನ್ ಕೊಡುವ ಹೆಜ್ಜೆಯ ಉದ್ದ) ನೋಡುತ್ತ ಕುಳಿತರೆ ಕೊಡ ತುಂಬಿ ಚೆಲ್ಲುವವರೆಗೆ ಏನೂ ಗೊತ್ತಾಗುವುದಿಲ್ಲ. ಆಟಗಾರರಿಗೆ ತೋರಿಸಲು ಹೆಜ್ಜೆಯ ಉದ್ದ ಸರಿಯಾದ ಅಳತೆ, ಏಕೆಂದರೆ ಅವರಿಗೆ ತಟ್ಟುವುದು ಅದೇ. ನಿರ್ವಾಹಕರಿಗೆ ಬೇಕಾದದ್ದು ಲುವಾ ಒಟ್ಟು ಎಷ್ಟು ತಿಂದಿತು ಎಂಬುದು. ಎರಡನ್ನೂ ಬೇರೆಬೇರೆ ಇಟ್ಟುಕೊಳ್ಳಿ.

ಅಳೆಯುವ ಕ್ರಮ: ಸ್ವಂತ ಗ್ಲೋಬಲ್‌ಸ್ಟೆಪ್ ಒಂದರಲ್ಲಿ ‘ಕೋರ್.ಗೆಟ್_ಯುಎಸ್_ಟೈಮ್’ ಓದಿ, ಹಿಂದಿನ ಓದಿನಿಂದ ಕಳೆದು, 100 ಸ್ಥಾನಗಳ ಉಂಗುರ ಸರಣಿಯಲ್ಲಿ ಬರೆಯಿರಿ. ಆರೋಗ್ಯವಂತ ಸರ್ವರ್‌ನಲ್ಲಿ 100 ಹೆಜ್ಜೆ ಎಂದರೆ ಸುಮಾರು 9 ಸೆಕೆಂಡ್. ಸೆಕೆಂಡಿಗೊಮ್ಮೆ ಅದರ ಪ್ರತಿ ಮಾಡಿ ಸಾರ್ಟ್ ಮಾಡಿ ನಡುವಿನ ಬೆಲೆ ತೆಗೆಯಿರಿ. ಸರಾಸರಿ ಬೇಡ, ಒಂದೇ ಒಂದು 2 ಸೆಕೆಂಡಿನ ಬಿಕ್ಕಳಿಕೆ ಸರಾಸರಿಯನ್ನು ಕೆಡಿಸುತ್ತದೆ. ಆದರೆ ನಡುವಿನ ಬೆಲೆಗೆ ಬಿಕ್ಕಳಿಕೆ ಕಾಣುವುದೇ ಇಲ್ಲ, ಹಾಗಾಗಿ ಇನ್ನೊಂದು ಎಣಿಕೆ: ಕಳೆದ 30 ಸೆಕೆಂಡಿನಲ್ಲಿ 500 ಮಿಲಿಸೆಕೆಂಡ್ ಮೀರಿದ ಹೆಜ್ಜೆಗಳು ಎಷ್ಟು.

ಮಿತಿಗಳು ಹೀಗಿರಲಿ. ಹಳದಿ: ನಡುವಿನ ಬೆಲೆ 135 ಮಿಲಿಸೆಕೆಂಡ್ ಮೀರಿ 10 ಸೆಕೆಂಡ್ ಉಳಿದರೆ, ಅಥವಾ 30 ಸೆಕೆಂಡಿನಲ್ಲಿ ಮೂರು ಬಿಕ್ಕಳಿಕೆ ಬಂದರೆ. ಕೆಂಪು: 300 ಮೀರಿದರೆ. ಆರಿಸುವುದು: 110ಕ್ಕಿಂತ ಕೆಳಗೆ 20 ಸೆಕೆಂಡ್ ಇದ್ದರೆ. ಹೊತ್ತಿಸುವ ಮಿತಿಯಲ್ಲೇ ಆರಿಸಿದರೆ ದೀಪ ಮಿಣುಕುಹುಳುವಿನ ಹಾಗೆ ಮಿನುಗುತ್ತದೆ; ಎರಡು ದಿನದಲ್ಲಿ ಅದನ್ನು ಯಾರೂ ನೋಡುವುದಿಲ್ಲ. ನಿಮ್ಮ ಸರ್ವರ್ ಹೆಜ್ಜೆ 0.09 ಅಲ್ಲದಿದ್ದರೆ ಈ ಸಂಖ್ಯೆಗಳನ್ನು 1.5, 3.3 ಮತ್ತು 1.2 ಪಟ್ಟು ಎಂದು ಓದಿಕೊಳ್ಳಿ. ಯಾರೂ ಆಟದಲ್ಲಿ ಇಲ್ಲದಾಗ ಅಳೆಯಬೇಡಿ, ಮೊದಲ ಆಟಗಾರ ಬಂದಾಗ ಸರಣಿಯನ್ನು ಖಾಲಿ ಮಾಡಿ ಶುರು ಮಾಡಿ.

ಯಾರು ತಿಂದರು: ಹೊದಿಕೆ ಹಾಕುವುದು

ಪ್ರತಿ ಮಾಡ್‌ನ ಕಾಲ್‌ಬ್ಯಾಕ್‌ಗೆ (ಎಂಜಿನ್ ಕರೆಯಲೆಂದು ಮಾಡ್ ನೋಂದಾಯಿಸುವ ಫಂಕ್ಷನ್) ಗಡಿಯಾರದ ಹೊದಿಕೆ, ಅಂದರೆ ಅದನ್ನು ಕರೆದು ಸಮಯ ಅಳೆಯುವ ಇನ್ನೊಂದು ಫಂಕ್ಷನ್, ಹಾಕಬೇಕು. ಎಲ್ಲಿ ಸಿಗುತ್ತವೆ ಎಂಬುದು ಒಂದೊಂದಕ್ಕೂ ಬೇರೆ.

ಗ್ಲೋಬಲ್‌ಸ್ಟೆಪ್‌ಗಳು ‘ಕೋರ್.ರಿಜಿಸ್ಟರ್ಡ್_ಗ್ಲೋಬಲ್‌ಸ್ಟೆಪ್ಸ್’ ಪಟ್ಟಿಯಲ್ಲಿವೆ. ಪ್ರತಿ ಫಂಕ್ಷನ್ ಯಾವ ಮಾಡ್‌ನದು ಎಂಬುದು ‘ಕೋರ್.ಕಾಲ್‌ಬ್ಯಾಕ್_ಒರಿಜಿನ್ಸ್’ ಕೋಷ್ಟಕದಲ್ಲಿ, ಫಂಕ್ಷನ್ನೇ ಕೀಲಿಯಾಗಿ, ಇದೆ. ಪಟ್ಟಿಯ ಆಯಾ ಸ್ಥಾನದಲ್ಲೇ ಹೊದಿಕೆಯನ್ನು ಕೂರಿಸಿ, ಹೊದಿಕೆಗೂ ಅದೇ ಮೂಲವನ್ನು ಆ ಕೋಷ್ಟಕದಲ್ಲಿ ಬರೆಯಿರಿ. ಇದನ್ನು ಮರೆತರೆ ಸರ್ವರ್ ಬೀಳುವುದಿಲ್ಲ, ಆದರೆ ಮುಂದೆ ಯಾವಾಗಲಾದರೂ ಕ್ರ್ಯಾಶ್ ಆದಾಗ ದೋಷ ಸಂದೇಶ ತಪ್ಪು ಮಾಡ್‌ನ ಹೆಸರು ಹೇಳುತ್ತದೆ. ಇತರ ಮಾಡ್‌ಗಳು ‘ಆನ್_ಮಾಡ್ಸ್_ಲೋಡೆಡ್’ ಒಳಗೂ ಗ್ಲೋಬಲ್‌ಸ್ಟೆಪ್ ನೋಂದಾಯಿಸುವುದುಂಟು, ಹಾಗಾಗಿ ಈ ಪಟ್ಟಿಯ ಹೊದಿಕೆಯನ್ನು ‘ಕೋರ್.ಆಫ್ಟರ್(0)’ ಮೂಲಕ ಮೊದಲ ಹೆಜ್ಜೆಯಲ್ಲಿ ಹಾಕಿ. ಆಗ ಪಟ್ಟಿ ಓಡುತ್ತಲೇ ಇರುತ್ತದೆ, ಆದರೂ ಉದ್ದ ಬದಲಾಗದ್ದರಿಂದ ತೊಂದರೆಯಿಲ್ಲ. ಸ್ವಂತ ಅಳತೆಯ ಗ್ಲೋಬಲ್‌ಸ್ಟೆಪ್ ಒಂದನ್ನು ಬಿಟ್ಟುಬಿಡಿ.

ಎಂಟಿಟಿಗಳಿಗೆ ‘ಕೋರ್.ರಿಜಿಸ್ಟರ್ಡ್_ಎಂಟಿಟೀಸ್’ನ ‘ಆನ್_ಸ್ಟೆಪ್’, ಎಬಿಎಂಗಳಿಗೆ ‘ಕೋರ್.ರಿಜಿಸ್ಟರ್ಡ್_ಎಬಿಎಂಸ್’ನ ‘ಆಕ್ಷನ್’. ಇವನ್ನು ‘ಆನ್_ಮಾಡ್ಸ್_ಲೋಡೆಡ್’ನಲ್ಲೇ ಮುಗಿಸಿ. ನೋಡ್ ಟೈಮರ್‌ಗೆ ‘ಕೋರ್.ಓವರ್‌ರೈಡ್_ಐಟಂ’ ಬಳಸಿ ‘ಆನ್_ಟೈಮರ್’ ಬದಲಿಸಿ. ಕೋಷ್ಟಕಕ್ಕೆ ನೇರವಾಗಿ ಕೈ ಹಾಕಬೇಡಿ.

ಹೊದಿಕೆಯ ಒಳಗೆ ಏನಿರಬೇಕು? ಬರುವಾಗ ಆಳವನ್ನು (ಒಂದರೊಳಗೊಂದು ಎಷ್ಟು ಹೊದಿಕೆಗಳು ಓಡುತ್ತಿವೆ ಎಂಬ ಎಣಿಕೆ) ಒಂದು ಏರಿಸಿ, ಆ ಆಳದ ‘ಮಕ್ಕಳ ಸಮಯ’ (ಒಳಗೆ ಕರೆದ ಹೊದಿಕೆಗಳು ತಿಂದದ್ದು) ಸೊನ್ನೆ ಮಾಡಿ, ಗಡಿಯಾರ ಓದಿ. ಹೋಗುವಾಗ ಕಳೆದ ಸಮಯದಿಂದ ಮಕ್ಕಳ ಸಮಯ ಕಳೆದು ಉಳಿದದ್ದನ್ನು ಆ ಮಾಡ್‌ನ ಖಾತೆಗೆ ಸೇರಿಸಿ, ಆಳ ಇಳಿಸಿ, ಪೂರ್ತಿ ಸಮಯವನ್ನು ಮೇಲಿನವನ ಮಕ್ಕಳ ಲೆಕ್ಕಕ್ಕೆ ಹಾಕಿ. ಈ ಕಳೆಯುವಿಕೆ ಇಲ್ಲದಿದ್ದರೆ, ಹೊದಿಕೆ ಹಾಕಿದ ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ ಅದೇ ಮಿಲಿಸೆಕೆಂಡ್ ಎರಡು ಮಾಡ್‌ಗಳ ತಲೆಗೂ ಬಂದು, ಒಟ್ಟು ಮೊತ್ತ ಹೆಜ್ಜೆಯ ಉದ್ದವನ್ನೇ ಮೀರುತ್ತದೆ.

ಮರಳಿಕೆ ಬೆಲೆಗಳನ್ನು ಹಾಗೆಯೇ ದಾಟಿಸಿ. ‘ಆನ್_ಟೈಮರ್’ ಟ್ರೂ ಮರಳಿಸಿದರೆ ಮಾತ್ರ ಟೈಮರ್ ಮತ್ತೆ ಓಡುತ್ತದೆ. ಹೊದಿಕೆ ಅದನ್ನು ನುಂಗಿದರೆ ಊರಿನ ಎಲ್ಲ ಒಲೆಗಳೂ ಒಂದು ಸುತ್ತಿಗೆ ಆರಿಹೋಗುತ್ತವೆ, ದೋಷ ಸಂದೇಶವೂ ಬರುವುದಿಲ್ಲ. ಮೂಲ ಫಂಕ್ಷನ್‌ನ ಕರೆಯನ್ನೇ ‘ಮುಗಿಸು’ ಎಂಬ ಸಹಾಯಕ ಫಂಕ್ಷನ್‌ಗೆ ವೇರ್‌ಆರ್ಗ್ (ಎಷ್ಟು ಬೇಕಾದರೂ ಇರಬಹುದಾದ ಆರ್ಗ್ಯುಮೆಂಟ್‌ಗಳು) ಆಗಿ ಕೊಟ್ಟು, ಅದು ಲೆಕ್ಕ ಬರೆದು ಎಲ್ಲವನ್ನೂ ಮರಳಿಸುವಂತೆ ಮಾಡುವುದು ಅತ್ಯಂತ ಅಗ್ಗದ ದಾರಿ. ಕರೆಗೊಂದು ಕೋಷ್ಟಕ ಸೃಷ್ಟಿಸಬೇಕಾಗಿಲ್ಲ. ‘ಪಿಕಾಲ್’ (ದೋಷವನ್ನು ಹಿಡಿದಿಡುವ ಲುವಾ ಕರೆ) ಹಾಕಬೇಡಿ, ದೋಷದ ಜಾಡು ಹಾಳಾಗುತ್ತದೆ. ಬೇರೆ ಯಾರಾದರೂ ಮೇಲೆ ಪಿಕಾಲ್ ಹಾಕಿದ್ದು ಒಳಗೆ ದೋಷ ಬಂದರೆ ನಿಮ್ಮ ಆಳ ಇಳಿಯದೆ ಉಳಿಯುತ್ತದೆ; ಸ್ವಂತ ಗ್ಲೋಬಲ್‌ಸ್ಟೆಪ್‌ನಲ್ಲಿ ಪ್ರತಿ ಹೆಜ್ಜೆ ಆಳವನ್ನು ಸೊನ್ನೆ ಮಾಡಿದರೆ ಅದಕ್ಕೆ ಮದ್ದು.

‘ಆಫ್ಟರ್’ ಎಂಬ ಬಿಲ

ಹೊದಿಕೆ ಹಾಕಿ ಓಡಿಸಿದ ಮೇಲೆ ಪಟ್ಟಿಯ ತುದಿಯಲ್ಲಿ ‘ಬಿಲ್ಟಿನ್’ (ಎಂಜಿನ್ ಜೊತೆಗೇ ಬರುವ ಲುವಾ ಕೋಡ್) ಬಂದರೆ ಎಂಜಿನ್‌ನ ತಪ್ಪೆಂದು ತಿಳಿಯಬೇಡಿ. ‘ಕೋರ್.ಆಫ್ಟರ್’ನಿಂದ ಮುಂದೂಡಿದ ಕೆಲಸಗಳೆಲ್ಲ ಬಿಲ್ಟಿನ್‌ನ ಒಂದೇ ಗ್ಲೋಬಲ್‌ಸ್ಟೆಪ್ ಒಳಗೆ ಓಡುತ್ತವೆ. ಹಾಗಾಗಿ ಅರ್ಧ ಸೆಕೆಂಡಿಗೊಮ್ಮೆ ತನ್ನನ್ನೇ ಆಫ್ಟರ್‌ನಿಂದ ಮತ್ತೆ ಕರೆದುಕೊಳ್ಳುವ ಮಾಡ್ ಲೆಕ್ಕದಲ್ಲಿ ಎಲ್ಲೂ ಕಾಣದೆ ಬಿಲ್ಟಿನ್ ನೆರಳಲ್ಲಿ ಅಡಗಿರುತ್ತದೆ.

ಇದಕ್ಕೆ ‘ಕೋರ್.ಆಫ್ಟರ್’ ಅನ್ನೇ ಬದಲಿಸಬೇಕು: ಕರೆದ ಕ್ಷಣದಲ್ಲಿ ‘ಗೆಟ್_ಕರೆಂಟ್_ಮಾಡ್‌ನೇಮ್’, ಅದು ನಿಲ್ ಆದರೆ ‘ಗೆಟ್_ಲಾಸ್ಟ್_ರನ್_ಮಾಡ್’ ಕೇಳಿ, ಆ ಹೆಸರಿಗೆ ಹೊದಿಕೆ ಕಟ್ಟಿ ಮೂಲ ಆಫ್ಟರ್‌ಗೆ ಕೊಡಿ. ಮೂಲ ಮರಳಿಸುವ ಜಾಬ್ ವಸ್ತುವನ್ನು ಹಾಗೇ ಮರಳಿಸಿ, ಇಲ್ಲದಿದ್ದರೆ ಅದರ ‘ಕ್ಯಾನ್ಸಲ್’ ಬಳಸುವ ಮಾಡ್‌ಗಳು ಮುರಿಯುತ್ತವೆ. ಕೆಲವು ಮಾಡ್‌ಗಳು ಕಡತದ ತಲೆಯಲ್ಲೇ ಆಫ್ಟರ್ ಅನ್ನು ಲೋಕಲ್ ಚರಕ್ಕೆ ಹಾಕಿಕೊಂಡಿರುತ್ತವೆ. ಅವು ನಿಮಗಿಂತ ಮೊದಲು ಲೋಡ್ ಆದರೆ ಬದಲಾವಣೆ ಅವಕ್ಕೆ ತಲುಪದು. ಅನುಮಾನವಿರುವ ಮಾಡ್‌ನ ‘ಮಾಡ್.ಕಾನ್ಫ್’ನಲ್ಲಿ ‘ಆಪ್ಷನಲ್_ಡಿಪೆಂಡ್ಸ್’ಗೆ ನಿಮ್ಮ ಮಾಡ್ ಹೆಸರು ಸೇರಿಸಿ, ಆಗ ನಿಮ್ಮದು ಮೊದಲು ಬರುತ್ತದೆ.

ಸಂಖ್ಯೆ ಸರಿ, ಹೆಸರು ತಪ್ಪು

ಇಡೀ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಕಾದ ಜಾಗ ಇದು. ತಂತಿ, ಸ್ವಿಚ್, ಸರ್ಕ್ಯೂಟ್ ಕಟ್ಟಲು ಬಿಡುವ ಮೆಸೆಕಾನ್ಸ್ ಮಾಡ್ ತನ್ನ ಕ್ರಿಯೆಗಳನ್ನು ಸ್ವಂತ ಸರದಿಯಲ್ಲಿಟ್ಟು ಗ್ಲೋಬಲ್‌ಸ್ಟೆಪ್‌ನಲ್ಲಿ ಓಡಿಸುತ್ತದೆ. ಒಬ್ಬ ಆಟಗಾರ ಕಟ್ಟಿದ ಕೆಟ್ಟ ಗಡಿಯಾರ ಸರ್ಕ್ಯೂಟ್ ಕೂಡ ಮೆಸೆಕಾನ್ಸ್ ಹೆಸರಿನಲ್ಲೇ ಕಾಣುತ್ತದೆ. ಪ್ರಾಣಿ ಮಾಡ್‌ಗಳಲ್ಲಿ ಇದರ ತಿರುವುಮುರುವು: ಎಂಟಿಟಿಯ ‘ಮಾಡ್_ಒರಿಜಿನ್’ ಅದನ್ನು ನೋಂದಾಯಿಸುವಾಗ ಲೋಡ್ ಆಗುತ್ತಿದ್ದ ಮಾಡ್‌ನ ಹೆಸರು, ಆದರೆ ಓಡುವ ಕೋಡ್ ಅದರ ಕೆಳಗಿನ ಎಪಿಐ ಮಾಡ್‌ನದು. ದನ ಕುರಿ ಸೇರಿಸಿದ ಮಾಡ್‌ಗೆ ಬೈಗುಳ, ದಾರಿ ಹುಡುಕುವ ಲೆಕ್ಕ ಮಾಡಿದವನು ಆರಾಮ.

ಮೂರನೆಯದು ಲುವಾದ ಕಸ ಗುಡಿಸುವಿಕೆ (ಜಿಸಿ), ಅಂದರೆ ಬಳಸಿ ಬಿಟ್ಟ ಮೆಮೊರಿಯನ್ನು ತೆರವು ಮಾಡುವುದು. ಜಿಸಿ ಯಾವ ಫಂಕ್ಷನ್ ನಡುವೆ ಎದ್ದರೆ ಆ ಫಂಕ್ಷನ್‌ನ ಖಾತೆಗೆ ಸಮಯ ಬೀಳುತ್ತದೆ. ಕಸ ಮಾಡಿದವನು ಒಬ್ಬ, ಸಿಕ್ಕಿಬಿದ್ದವನು ಇನ್ನೊಬ್ಬ. ಒಂದೇ ಹೆಜ್ಜೆಯ ಏರಿಕೆ ನೋಡಿ ಹೆಸರು ಹೇಳಬಾರದೆಂಬುದಕ್ಕೆ ಇದೊಂದೇ ಕಾರಣ ಸಾಕು.

ಹಾಗಾಗಿ ಹೆಸರು ತೋರಿಸಲು ಮೂರು ಷರತ್ತು ಹಾಕಿ: 10 ಸೆಕೆಂಡಿನ ಕಿಟಕಿಯಲ್ಲಿ ಲುವಾ ಒಟ್ಟು ಸಮಯ ಕನಿಷ್ಠ ಶೇ. 60 ಇರಬೇಕು, ಅದರಲ್ಲಿ ಒಂದೇ ಮಾಡ್‌ನ ಪಾಲು ಶೇ. 40 ದಾಟಬೇಕು, ಸತತ ಮೂರು ಕಿಟಕಿಗಳಲ್ಲಿ ಅದೇ ಹೆಸರು ಬರಬೇಕು. ಒಂದು ತಪ್ಪಿದರೂ ‘ಹಂಚಿಹೋಗಿದೆ’ ಎಂದಷ್ಟೇ ಬರೆಯಿರಿ. ಹೆಸರಿನ ಜೊತೆ ಬಗೆಯನ್ನೂ ಕೊಡಿ: ಎಂಟಿಟಿ, ಎಬಿಎಂ, ಟೈಮರ್, ಆಫ್ಟರ್. ‘ಮಾಡ್ ಇಂಥದ್ದು, ಎಂಟಿಟಿ, 310 ಕರೆ’ ಎಂದರೆ ನಿರ್ವಾಹಕರಿಗೆ ಮುಂದೆ ಎಲ್ಲಿ ನೋಡಬೇಕೆಂದು ತಿಳಿಯುತ್ತದೆ.

ಹೆಜ್ಜೆ ಉದ್ದವಾಗಿದೆ ಆದರೆ ಲುವಾ ಪಾಲು ಕಡಿಮೆ ಎಂದಾದರೆ ಸ್ಕ್ರಿಪ್ಟ್ ನಿರಪರಾಧಿ. ಆಗ ಬಿಕ್ಕಳಿಕೆಯ ಅಂತರ ನೋಡಿ. 5.3 ಸೆಕೆಂಡಿಗೊಮ್ಮೆ ಬಂದರೆ ಮ್ಯಾಪ್ ಉಳಿಸುವಿಕೆ (ಸರ್ವರ್_ಮ್ಯಾಪ್_ಸೇವ್_ಇಂಟರ್ವಲ್‌ನ ಮೂಲ ಬೆಲೆ ಅದು), ಅಂದರೆ ಡಿಸ್ಕ್ ನಿಧಾನ. 1 ಸೆಕೆಂಡ್ ಆದರೆ ಎಬಿಎಂಗಳಿಗಾಗಿ ಎಂಜಿನ್ ನಡೆಸುವ ನೋಡ್ ಹುಡುಕಾಟ ಅಥವಾ ಹರಿಯುವ ನೀರು; ಎಬಿಎಂಗಳಿಗೆ ಮೂಲ ಬಜೆಟ್ 0.2, ಅಂದರೆ ಸೆಕೆಂಡಿಗೆ 200 ಮಿಲಿಸೆಕೆಂಡ್‌ವರೆಗೆ ಅನುಮತಿ ಇದೆ, ಒಂದೇ ಹೆಜ್ಜೆಯಲ್ಲಿ ಅದು ಬಂದರೆ ಹೆಜ್ಜೆ ಎರಡು ಪಟ್ಟು ಮೀರುತ್ತದೆ. 2 ಸೆಕೆಂಡ್ ಆದರೆ ಸಕ್ರಿಯ ಬ್ಲಾಕ್‌ಗಳ ನಿರ್ವಹಣೆ. ಯಾವ ತಾಳವೂ ಇಲ್ಲದೆ ಬಂದರೆ, ಬಾಡಿಗೆ ವಿಪಿಎಸ್‌ನಲ್ಲಿ (ಹಲವರು ಹಂಚಿಕೊಳ್ಳುವ ಯಂತ್ರದ ಒಂದು ಪಾಲು) ‘ಟಾಪ್’ ಆಜ್ಞೆ ತೆರೆದು ‘ಎಸ್‌ಟಿ’ ಕಾಲಂ ನೋಡಿ, ಪಕ್ಕದ ಮನೆಯವರು ಸಿಪಿಯು ಕದಿಯುತ್ತಿರಬಹುದು.

ಪರದೆಗೆ ತರುವುದು, ಕನ್ನಡದ ತೊಡಕು

ಆಟದ ಪರದೆಯ ಮೇಲೆ ಗುರುತು ಇಡುವ ‘ಹಡ್_ಆಡ್’ನಿಂದ ಬಲಮೇಲಿನ ಮೂಲೆಯಲ್ಲಿ ಎರಡು ಅಂಶ ಇಡಿ: ಒಂದು ಚಿತ್ರ, ಒಂದು ಪಠ್ಯ. ಸ್ಥಾನ ಎಕ್ಸ್ 1, ವೈ 0. ಜೋಡಣೆ ಎಕ್ಸ್ −1, ವೈ 1. ಚಿತ್ರಕ್ಕೆ ಒಳಸರಿತ ಎಕ್ಸ್ −12, ವೈ 12, ಪಠ್ಯಕ್ಕೆ ಅದರ ಕೆಳಗೆ. ಬಣ್ಣ ‘ನಂಬರ್’ ಎಂಬ ಕ್ಷೇತ್ರಕ್ಕೆ ಹೋಗುತ್ತದೆ, ಇದು ಹೊಸಬರನ್ನು ದಾರಿ ತಪ್ಪಿಸುವ ಹೆಸರು. 5.9ಕ್ಕಿಂತ ಹಳೆಯ ಸರ್ವರ್ ಆದರೆ ‘ಟೈಪ್’ ಬದಲು ‘ಹಡ್_ಎಲೆಮ್_ಟೈಪ್’ ಬರೆಯಿರಿ. ಪ್ರತಿ ‘ಹಡ್_ಚೇಂಜ್’ ಒಂದು ಪ್ಯಾಕೆಟ್; ಸರ್ವರ್ ಬಳಲುತ್ತಿರುವಾಗ 30 ಜನರಿಗೆ ಹೆಜ್ಜೆಗೊಂದು ಕಳಿಸಿದರೆ ಜ್ವರ ಅಳೆಯಲು ಹೋಗಿ ಜ್ವರ ಏರಿಸಿದಂತೆ. ಸೆಕೆಂಡಿಗೊಮ್ಮೆ, ಅದೂ ಬರೆಹ ಬದಲಾಗಿದ್ದರೆ ಮಾತ್ರ.

ಕನ್ನಡದಲ್ಲಿ ಸಂದೇಶ ತೋರಿಸಬೇಕೆಂದರೆ ಪಠ್ಯ ಅಂಶ ನೆಚ್ಚಿಕೊಳ್ಳಬೇಡಿ. ಲುವಾಂಟಿ ಅಕ್ಷರಗಳನ್ನು ಒಂದೊಂದಾಗಿ ಇಡುತ್ತದೆ, ಒತ್ತಕ್ಷರ ಗುಣಿತಗಳನ್ನು ಜೋಡಿಸುವ ಶೇಪಿಂಗ್ ಅದಕ್ಕಿಲ್ಲ. ‘ಸರ್ವರ್’ನ ಅರ್ಕಾವತ್ತು ಬಿಡಿಬಿಡಿಯಾಗಿ ಬೀಳುತ್ತದೆ, ಫಾಂಟ್‌ನಲ್ಲಿ ಕನ್ನಡ ಇಲ್ಲದಿದ್ದರೆ ಬರೀ ಚೌಕಗಳು. ಲುವಾಂಟಿಯ ಅನುವಾದ ಕಡತಗಳಲ್ಲಿ ಕನ್ನಡ ಇದ್ದರೂ, ಬಿಲ್ಡ್ ಮಾಡುವಾಗ ಕೈಬಿಡುವ ಭಾಷೆಗಳ ಪಟ್ಟಿಯಲ್ಲಿ ಅರೇಬಿಕ್, ಹೀಬ್ರೂ, ಹಿಂದಿ, ಥಾಯ್ ಜೊತೆ ಅದನ್ನೂ ಸೇರಿಸಿರುವುದು ಇದೇ ಕಾರಣಕ್ಕೆ. ಆದ್ದರಿಂದ ಕ್ಲೈಂಟ್‌ನ ‘ಲ್ಯಾಂಗ್_ಕೋಡ್’ ನೋಡಿ ಕನ್ನಡ ಆರಿಸುತ್ತೇನೆ ಎಂಬ ಉಪಾಯವೂ ನಡೆಯುವುದಿಲ್ಲ.

ದಾರಿ ಇದೆ: ನಾಲ್ಕೇ ಸಂದೇಶಗಳು, ನಾಲ್ಕು ಪಿಎನ್‌ಜಿ. ಇಂಕ್‌ಸ್ಕೇಪ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ ದಪ್ಪ ಅಕ್ಷರದಲ್ಲಿ ಬರೆದು, ಕಪ್ಪು ಅಂಚು ಕೊಟ್ಟು, 256 × 48 ಪಿಕ್ಸೆಲ್‌ನಲ್ಲಿ ರಫ್ತು ಮಾಡಿ ಮಾಡ್‌ನ ‘ಟೆಕ್ಸ್ಚರ್ಸ್’ ಕಡತಕೋಶಕ್ಕೆ ಹಾಕಿ. ‘ಸರ್ವರ್ ನಿಧಾನ’, ‘ಸರ್ವರ್ ತುಂಬ ನಿಧಾನ’, ‘ನಿಮ್ಮ ನೆಟ್ ನಿಧಾನ’, ‘ಸುತ್ತ ವಸ್ತು ಹೆಚ್ಚಿದೆ’. ಬದಲಾಗುವ ಸಂಖ್ಯೆ ಮಾತ್ರ ಪಠ್ಯ ಅಂಶದಲ್ಲಿ, ಅಂಕಿಗಳಿಗೆ ಶೇಪಿಂಗ್ ಬೇಕಿಲ್ಲ. ಕನ್ನಡವೋ ಇಂಗ್ಲಿಷೋ ಎಂಬ ಆಯ್ಕೆಯನ್ನು ಚಾಟ್ ಆಜ್ಞೆಯಿಂದ ಪಡೆದು ಆಟಗಾರನ ಮೆಟಾದಲ್ಲಿ ಉಳಿಸಿ.

‘ನಿಮ್ಮ ನೆಟ್’ ಎಂದು ಹೇಳಲು ‘ಗೆಟ್_ಪ್ಲೇಯರ್_ಇನ್ಫರ್ಮೇಶನ್’ ಕೊಡುವ ‘ಆವರೇಜ್_ಆರ್‌ಟಿಟಿ’ (ಪ್ಯಾಕೆಟ್ ಹೋಗಿ ಬರುವ ಸರಾಸರಿ ಸಮಯ) ಬೇಕು, ಕೋಡ್‌ನಲ್ಲಿ ಆವರೇಜ್ ಬದಲು ‘ಎವಿಜಿ’ ಎಂದಿದೆ. ಅದು ಸೆಕೆಂಡಿನಲ್ಲಿರುತ್ತದೆ, ಕೆಲವೊಮ್ಮೆ ನಿಲ್ ಆಗಿರುತ್ತದೆ, ಪರೀಕ್ಷಿಸದೆ ಹೋಲಿಸಿದರೆ ಸರ್ವರ್ ಬೀಳುತ್ತದೆ. ಪ್ಯಾಕೆಟ್ ಕಳಿಸುವ, ಪಡೆಯುವ ಥ್ರೆಡ್‌ಗಳು ಬೇರೆ ಇರುವುದರಿಂದ ಸ್ಕ್ರಿಪ್ಟ್ ಸಿಕ್ಕಿಕೊಂಡಾಗಲೂ ಈ ಸಂಖ್ಯೆ ಬಹುಮಟ್ಟಿಗೆ ನೆಟ್‌ನದೇ ಕಥೆ ಹೇಳುತ್ತದೆ. 0.4 ಮೀರಿದ್ದು ಸರ್ವರ್ ಹೆಜ್ಜೆ ಸರಿಯಿದ್ದರೆ ಆ ಒಬ್ಬರಿಗೆ ಮಾತ್ರ ತೋರಿಸಿ. ಕ್ಲೈಂಟ್‌ನ ಎಫ್‌ಪಿಎಸ್ ಸರ್ವರ್‌ಗೆ ತಿಳಿಯುವುದಿಲ್ಲ; ಅದನ್ನು ಊಹಿಸಲು ಹೋಗಬೇಡಿ, ಎಫ್5 ಒತ್ತಿ ನೋಡಲು ಹೇಳಿ.

ಯಾರಿಗೆ ಎಷ್ಟು

ಮಾಡ್‌ನ ಹೆಸರನ್ನು ಎಲ್ಲರಿಗೂ ತೋರಿಸುವುದು ಪಾರದರ್ಶಕತೆ ಎಂದು ಅನಿಸಬಹುದು. ಎರಡು ಕಾರಣಕ್ಕೆ ಬೇಡ. ಒಂದು, ಮೇಲೆ ಹೇಳಿದ ಹಾಗೆ ಹೆಸರು ಎಷ್ಟೋ ಸಲ ತಪ್ಪು, ಮತ್ತು ತಪ್ಪು ಹೆಸರು ಚಾಟ್‌ನಲ್ಲಿ ಒಮ್ಮೆ ಹರಿದಾಡಿದರೆ ವಾಪಸ್ ಬರುವುದಿಲ್ಲ. ಇನ್ನೊಂದು, ಯಾವ ಯಂತ್ರದಿಂದ ಸರ್ವರ್ ನರಳುತ್ತದೆ ಎಂದು ಕೀಟಲೆಕೋರನಿಗೆ ಲೈವ್ ಮೀಟರ್ ಕೊಟ್ಟಂತೆ. ಅವನು ಅಂಥವೇ ಇನ್ನೂ ನಲವತ್ತು ಕಟ್ಟುತ್ತಾನೆ. ‘ರಿಜಿಸ್ಟರ್_ಪ್ರಿವಿಲೇಜ್’ನಿಂದ ಹೊಸ ಹಕ್ಕೊಂದನ್ನು ಮಾಡಿ, ಅದು ಇದ್ದವರಿಗೆ ಮಾತ್ರ ಮೊದಲ ಮೂರು ಹೆಸರು ತೋರಿಸಿ. ಲಾಗ್‌ಗೆ ಎಲ್ಲವನ್ನೂ ಬರೆಯಿರಿ.

ಸಾಮಾನ್ಯ ಆಟಗಾರನಿಗೆ ತೋರಿಸಬೇಕಾದದ್ದು ಆತ ಸರಿಪಡಿಸಬಲ್ಲದ್ದು. ಹಳದಿ ಹೊತ್ತಿದಾಗ ಮಾತ್ರ, 5 ಸೆಕೆಂಡಿಗೊಮ್ಮೆ, ಪ್ರತಿಯೊಬ್ಬರ ಸುತ್ತ 16 ನೋಡ್ ತ್ರಿಜ್ಯದಲ್ಲಿ ಬಿದ್ದಿರುವ ವಸ್ತುಗಳನ್ನು ಎಣಿಸಿ. 150 ದಾಟಿದರೆ ಸಂಖ್ಯೆ ಸಮೇತ ಅವರಿಗೆ ಹೇಳಿ. ನೆಲಕ್ಕೆ ಬಿದ್ದ ವಸ್ತು ಮಾಯವಾಗಲು ಮೂಲತಃ 900 ಸೆಕೆಂಡ್ ಬೇಕು. ಪೆಟ್ಟಿಗೆ ತುಂಬಿ ಹೊರಗೆ ಉಗುಳುವ ಒಂದು ಪೈಪ್ ಕಾಲು ಗಂಟೆಯಲ್ಲಿ ಎಷ್ಟು ಗುಡ್ಡೆ ಹಾಕುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಪರೀಕ್ಷೆ

ಜಗತ್ತಿನ ಪ್ರತಿ ತೆಗೆದುಕೊಂಡು, ‘ಸುಡು’ ಎಂಬ ಪುಟ್ಟ ಮಾಡ್ ಬರೆಯಿರಿ: ಗಡಿಯಾರ ನೋಡುತ್ತ ಕೊಟ್ಟಷ್ಟು ಮಿಲಿಸೆಕೆಂಡ್ ಸುಮ್ಮನೆ ಲೂಪ್ ತಿರುಗುವುದು ಅದರ ಕೆಲಸ. ಗ್ಲೋಬಲ್‌ಸ್ಟೆಪ್‌ನಲ್ಲಿ 60 ಸುಟ್ಟರೆ ದೀಪ ಹೊತ್ತಬಾರದು, ನಿರ್ವಾಹಕರ ಪಟ್ಟಿಯಲ್ಲಿ ಮಾತ್ರ ಮೂರನೇ ಎರಡು ಪಾಲು ಕಾಣಬೇಕು. 150 ಸುಟ್ಟರೆ 20 ಸೆಕೆಂಡಿನ ಒಳಗೆ ಹಳದಿ. ಅದನ್ನೇ ಆಫ್ಟರ್‌ನಿಂದ ಸುಟ್ಟು ಹೆಸರು ‘ಸುಡು’ ಎಂದೇ ಬರುತ್ತದೆಯೇ ನೋಡಿ. ಬಿಲ್ಟಿನ್ ಎಂದು ಬಂದರೆ ಲೋಡ್ ಕ್ರಮ ತಪ್ಪಿದೆ. ಕೊನೆಗೆ ಒಲೆಯೊಂದರಲ್ಲಿ ಅದಿರು ಹಾಕಿ ಬೆಂಕಿ ಆರದೆ ಹತ್ತು ಅದಿರು ಕರಗುವವರೆಗೆ ಬಿಡಿ, ಮರಳಿಕೆ ಬೆಲೆ ದಾಟುತ್ತಿದೆಯೇ ಎಂಬುದಕ್ಕೆ ಅದಕ್ಕಿಂತ ಸರಳ ಪರೀಕ್ಷೆ ಇಲ್ಲ.

ಹೊದಿಕೆಯ ಖರ್ಚು

ಸಾವಿರ ಎಂಟಿಟಿ ಇದ್ದರೆ ಹೆಜ್ಜೆಗೆ ಎರಡು ಸಾವಿರ ಸಲ ಗಡಿಯಾರ ಓದಬೇಕು, ಮತ್ತು ಲುವಾದಿಂದ ಸಿ ಫಂಕ್ಷನ್‌ಗೆ ಹೋಗುವ ಈ ಕರೆ ಲುವಾಜಿಟ್‌ನ (ಲುವಾ ಕೋಡನ್ನು ಓಡುವಾಗಲೇ ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ಸಂಕಲನವನ್ನು ಅಲ್ಲಲ್ಲಿ ತುಂಡರಿಸುತ್ತದೆ. ಸದಾ ಚಾಲೂ ಇಡುವ ಅಗತ್ಯವಿಲ್ಲ. ಹೊದಿಕೆಯ ಮೊದಲ ಸಾಲಿನಲ್ಲೇ ಒಂದು ಬಾವುಟ ನೋಡಿ, ಇಳಿದಿದ್ದರೆ ನೇರವಾಗಿ ಮೂಲ ಫಂಕ್ಷನ್‌ಗೆ ದಾಟಿಸಿ. ಹೆಜ್ಜೆಯ ಉದ್ದ ಅಳೆಯುವುದು ಮಾತ್ರ ಯಾವಾಗಲೂ ಓಡಲಿ. ಹಳದಿ ಹೊತ್ತಿದ ಕೂಡಲೇ ಬಾವುಟ ಏರಿಸಿ 60 ಸೆಕೆಂಡ್ ಲೆಕ್ಕ ಹಿಡಿದು ಇಳಿಸಿ. ಬಾವುಟ ಏರಿಸಿ ಇಳಿಸುವುದು ಸ್ವಂತ ಗ್ಲೋಬಲ್‌ಸ್ಟೆಪ್‌ನಲ್ಲಿ, ಆಳ ಸೊನ್ನೆ ಇರುವಾಗ ಮಾತ್ರ ನಡೆಯಲಿ. ಚಾಟ್ ಆಜ್ಞೆಯಿಂದ ನೇರವಾಗಿ ತಿರುಗಿಸಬೇಡಿ. ಆಜ್ಞೆ ಬೇಕೇ ಬೇಕೆಂದರೆ (ಹಳದಿ ಹೊತ್ತದ 60ರ ಪರೀಕ್ಷೆಯಲ್ಲಿ ಬಾವುಟ ಏರಿಸಲು ಅದು ಬೇಕಾಗುತ್ತದೆ) ಅದು ಒಂದು ಕೋರಿಕೆಯನ್ನು ಬರೆದಿಡಲಿ, ಮುಂದಿನ ಹೆಜ್ಜೆ ಅದನ್ನು ಜಾರಿಗೆ ತರಲಿ.